ಐದು ಅವಿಭಾಜ್ಯಗಳ ಕೊನೆಯ ಗುಣಲಬ್ಧ

4294967295 ಎಂಬ ಸಂಖ್ಯೆಯನ್ನು ಕೋಟಿ-ಲಕ್ಷಗಳ ರೂಢಿಯಲ್ಲಿ ಓದಿದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೈದು ಎಂದಾಗುತ್ತದೆ. ಹತ್ತು ಅಂಕೆಗಳ ಈ ಸಾಲನ್ನು ಎಷ್ಟು ಹೊತ್ತು ನೋಡಿದರೂ ಅದರಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಆದರೆ ಅದನ್ನು ಅವಿಭಾಜ್ಯಗಳಾಗಿ, ಎಂದರೆ ಒಂದರಿಂದಲೂ ತಮ್ಮಿಂದಲೂ ಅಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳಾಗಿ ಬಿಡಿಸಿದರೆ 3 × 5 × 17 × 257 × 65537 ಎಂಬ ಐದು ಅಪವರ್ತನಗಳು ದೊರೆಯುತ್ತವೆ. ಪ್ರತಿಯೊಂದರಿಂದಲೂ ಒಂದನ್ನು ಕಳೆದಾಗ 2, 4, 16, 256, 65536 ಉಳಿಯುತ್ತವೆ. ಮೊದಲನೆಯದನ್ನು ಬಿಟ್ಟರೆ ಇವುಗಳಲ್ಲಿ ಪ್ರತಿಯೊಂದೂ ತನ್ನ ಹಿಂದಿನದರ ವರ್ಗ. ಗಣಿತಜ್ಞರ ಬಳಿ ಈ ಬಗೆಯ ಅವಿಭಾಜ್ಯಗಳು ಇಂದಿಗೂ ಐದೇ ಇವೆ, ಆ ಐದನ್ನೂ ಗುಣಿಸಿದರೆ ಬರುವುದು ಈ ಸಂಖ್ಯೆ. ಇದರ ಮಹತ್ವವೆಲ್ಲ, ಇದಕ್ಕೆ ಎರಡನ್ನು ಕೂಡಿಸಿದಾಗ ಸಿಗುವ ಇನ್ನೊಂದು ಸಂಖ್ಯೆಯ ವೈಫಲ್ಯದಿಂದ ಬಂದದ್ದು.

ಈ ಅಪವರ್ತನಗಳನ್ನು ಕಂಡುಹಿಡಿಯಲು ಹೆಚ್ಚಿನ ಶ್ರಮವೇನೂ ಬೇಕಿಲ್ಲ, ಪ್ರೌಢಶಾಲೆಯಲ್ಲಿ ಕಲಿಸುವ ಎರಡು ವರ್ಗಗಳ ವ್ಯತ್ಯಾಸದ ಸೂತ್ರವೊಂದಿದ್ದರೆ ಸಾಕು. ಎರಡನ್ನು ಮೂವತ್ತೆರಡು ಬಾರಿ ಗುಣಿಸಿದಾಗ, ಎಂದರೆ 2ರ 32ನೆಯ ಘಾತವಾಗಿ, ಬರುವುದು 4294967296. ಅದು 65536ರ ವರ್ಗವೂ ಹೌದು. ಆದ್ದರಿಂದ ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯು 65536ರ ವರ್ಗದಿಂದ 1ರ ವರ್ಗವನ್ನು ಕಳೆದದ್ದಾಗಿದ್ದು, 65537 ಮತ್ತು 65535 ಎಂದು ಎರಡಾಗಿ ಒಡೆಯುತ್ತದೆ. 65535 ಕೂಡ 256ರ ವರ್ಗಕ್ಕಿಂತ ಒಂದು ಕಡಿಮೆಯಾದುದರಿಂದ 257 ಮತ್ತು 255 ಆಗುತ್ತದೆ, 255 ಅದೇ ರೀತಿ 17 ಮತ್ತು 15 ಆಗುತ್ತದೆ, 15 ಕೊನೆಗೆ 5 ಮತ್ತು 3 ಆಗುತ್ತದೆ. ಹೀಗೆ ಒಡೆಯಬಹುದೆಂಬುದರಲ್ಲಿ ಆಶ್ಚರ್ಯವಿಲ್ಲ. ಒಡೆದು ಬಂದ ಐದು ತುಂಡುಗಳೂ ಅವಿಭಾಜ್ಯಗಳಾಗಿಬಿಟ್ಟವೆಂಬುದೇ ಆಶ್ಚರ್ಯ, ಏಕೆಂದರೆ ಅವು ಹಾಗಿರಬೇಕೆಂದು ಈ ಸೂತ್ರ ಎಲ್ಲಿಯೂ ಹೇಳುವುದಿಲ್ಲ.

ವರ್ಗ ಮಾಡುತ್ತ ಹತ್ತುವ ಈ ಐದು ಮೆಟ್ಟಿಲುಗಳು ಯೂರೋಪಿನ ಗಣಿತಕ್ಕೆ ಬರುವ ಎಷ್ಟೋ ಶತಮಾನ ಮೊದಲೇ ಭಾರತದ ಛಂದಶ್ಶಾಸ್ತ್ರದಲ್ಲಿ ಕಾಣಿಸಿಕೊಂಡಿದ್ದವು. ಕ್ರಿಸ್ತಪೂರ್ವ ಕಾಲದವನೆಂದು ಸಾಮಾನ್ಯವಾಗಿ ಪರಿಗಣಿಸಲಾಗುವ ಪಿಂಗಳನ ಛಂದಸ್ಸೂತ್ರದಲ್ಲಿ, ಇಂತಿಷ್ಟು ಅಕ್ಷರಗಳ ಪಾದವೊಂದರಲ್ಲಿ ಗುರು-ಲಘುಗಳು ಎಷ್ಟು ಬಗೆಯಲ್ಲಿ ಬರಬಹುದು ಎಂಬ ಪ್ರಶ್ನೆಗೆ ಉತ್ತರವಿದೆ. ಒಂದೊಂದು ಅಕ್ಷರಕ್ಕೂ ಎರಡೆರಡು ಸಾಧ್ಯತೆಗಳಿರುವುದರಿಂದ ಉತ್ತರವು 2ರ ಘಾತವೆಂಬುದು ಸ್ಪಷ್ಟ. ಆದರೆ ಪಿಂಗಳನು ಎರಡನ್ನು ಮತ್ತೆ ಮತ್ತೆ ಗುಣಿಸುತ್ತ ಹೋಗಲು ಹೇಳುವುದಿಲ್ಲ. ಅವನ ವಿಧಾನದಲ್ಲಿ ಅಕ್ಷರಸಂಖ್ಯೆ ಸಮವಾಗಿದ್ದರೆ ಅದನ್ನು ಅರ್ಧ ಮಾಡಬೇಕು, ಬೆಸವಾಗಿದ್ದರೆ ಒಂದನ್ನು ಕಳೆಯಬೇಕು, ಸೊನ್ನೆ ಬರುವವರೆಗೂ ಹೀಗೆ ಇಳಿದು ಅಲ್ಲಿಂದ ಒಂದನ್ನು ಹಿಡಿದು ಹಿಂದಿರುಗುವಾಗ, ಒಂದನ್ನು ಕಳೆದ ಕಡೆ ಇಮ್ಮಡಿಸಿ, ಅರ್ಧ ಮಾಡಿದ ಕಡೆ ವರ್ಗ ಮಾಡಬೇಕು. ಮೂವತ್ತೆರಡಕ್ಕೆ ಇದನ್ನು ಅನ್ವಯಿಸಿದರೆ ಇಳಿಯುವಾಗ 16, 8, 4, 2, 1, 0 ಬರುತ್ತವೆ. ಏರುವಾಗ ಒಮ್ಮೆ ಇಮ್ಮಡಿಸಿ ಐದು ಸಲ ವರ್ಗ ಮಾಡಿದಾಗ 2, 4, 16, 256, 65536, 4294967296 ಸಾಲಾಗಿ ಬರುತ್ತವೆ. ಮೂವತ್ತೊಂದು ಗುಣಾಕಾರಗಳ ಕೆಲಸ ಆರು ಹೆಜ್ಜೆಗಳಲ್ಲಿ ಮುಗಿಯುತ್ತದೆ.

ಮೂವತ್ತೆರಡು ಎಂಬುದು ಇಲ್ಲಿ ಕೃತಕವಾಗಿ ಆರಿಸಿದ ಉದಾಹರಣೆಯಲ್ಲ. ರಾಮಾಯಣ, ಮಹಾಭಾರತ, ಭಗವದ್ಗೀತೆಗಳ ಬಹುಭಾಗವನ್ನು ಆವರಿಸಿರುವ ಅನುಷ್ಟುಪ್ ಶ್ಲೋಕದಲ್ಲಿ ಪಾದಕ್ಕೆ ಎಂಟರಂತೆ ನಾಲ್ಕು ಪಾದಗಳು ಸೇರಿ ಮೂವತ್ತೆರಡು ಅಕ್ಷರಗಳಿರುತ್ತವೆ. ಪಿಂಗಳನು ವೃತ್ತಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಪ್ರತಿಯೊಂದರ ಎಣಿಕೆಗೂ ನಿಯಮ ಕೊಟ್ಟಿದ್ದಾನೆ: ನಾಲ್ಕೂ ಪಾದಗಳು ಒಂದೇ ವಿನ್ಯಾಸದಲ್ಲಿದ್ದರೆ ಸಮವೃತ್ತ, ಒಂದನೆಯದು ಮೂರನೆಯದನ್ನೂ ಎರಡನೆಯದು ನಾಲ್ಕನೆಯದನ್ನೂ ಹೋಲುತ್ತಿದ್ದರೆ ಅರ್ಧಸಮ, ಇವೆರಡೂ ಅಲ್ಲದ್ದು ವಿಷಮ. ಎಂಟಕ್ಷರದ ಪಾದಕ್ಕೆ ಸಮವೃತ್ತಗಳು 256. ಅದರ ವರ್ಗವಾದ 65536ರಿಂದ ಆ 256ನ್ನು ಕಳೆದರೆ ಉಳಿಯುವ 65280 ಅರ್ಧಸಮಗಳ ಸಂಖ್ಯೆ. 65536ರ ವರ್ಗವಾದ 4294967296ರಿಂದ 65536ನ್ನು ಕಳೆದರೆ ದೊರೆಯುವ 4294901760 ವಿಷಮಗಳ ಸಂಖ್ಯೆ. ಇದು ಲೆಕ್ಕದ ಮಟ್ಟಿನ ಮಾತು. ಶ್ಲೋಕದ ಪ್ರತಿ ಪಾದದಲ್ಲಿ ಐದನೆಯ ಅಕ್ಷರ ಲಘುವಾಗಿರಬೇಕು, ಆರನೆಯದು ಗುರುವಾಗಿರಬೇಕು ಎಂಬಂಥ ಕಟ್ಟುಪಾಡುಗಳಿರುವುದರಿಂದ ಕವಿಗಳು ಬಳಸುವುದು ಇವುಗಳಲ್ಲಿ ಅತ್ಯಲ್ಪ ಪಾಲನ್ನು ಮಾತ್ರ. ಕನ್ನಡದ ಕಂದಕ್ಕೂ ಮಾತ್ರಾಗಣದ ಷಟ್ಪದಿಗಳಿಗೂ ಈ ಎಣಿಕೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಎಣಿಸುವುದು ಅಕ್ಷರಗಳನ್ನಲ್ಲ, ಮಾತ್ರೆಗಳನ್ನು; ಮಾತ್ರೆಗಳ ಪ್ರಸ್ತಾರವು 1, 2, 3, 5, 8, 13 ಎಂದು ಬೆಳೆಯುವ ಬೇರೊಂದು ಪ್ರಸಿದ್ಧ ಶ್ರೇಣಿಯತ್ತ ಕರೆದೊಯ್ಯುತ್ತದೆ.

ಮೇಲಿನ ಏರಿಕೆಯ ಒಂದೊಂದು ಮೆಟ್ಟಿಲಿಗೂ ಒಂದನ್ನು ಕೂಡಿಸಿ ನೋಡಿದವನು ಫ್ರಾನ್ಸಿನ ಟೂಲೂಸ್ ನಗರದ ನ್ಯಾಯಾಧಿಕಾರಿ ಪಿಯರ್ ದ ಫರ್ಮಾ. 3, 5, 17, 257, 65537 ಅವಿಭಾಜ್ಯಗಳೆಂಬುದನ್ನು ಕಂಡು, ವರ್ಗ ಮಾಡುತ್ತ ಎಷ್ಟು ದೂರ ಹೋದರೂ ಹೀಗೆಯೇ ಇರುತ್ತದೆಂಬ ನಂಬಿಕೆಯನ್ನು ಅವನು 1640ರಿಂದ ತನ್ನ ಪತ್ರಗಳಲ್ಲಿ ಹೇಳುತ್ತ ಬಂದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡಿದ್ದ. ಹೀಗಾಗಿ ಈ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳೆಂದೇ ಹೆಸರಾಗಿದೆ, ಅವುಗಳ ಕ್ರಮಾಂಕವನ್ನು ಸೊನ್ನೆಯಿಂದ ಎಣಿಸುವುದು ವಾಡಿಕೆ. ಆ ಪ್ರಕಾರ 3 ಸೊನ್ನೆಯನೆಯದು, 65537 ನಾಲ್ಕನೆಯದು, 4294967297 ಐದನೆಯದು. ಕ್ರಿಶ್ಚಿಯನ್ ಗೋಲ್ಡ್‌ಬಾಖ್ 1729ರ ಡಿಸೆಂಬರಿನಲ್ಲಿ ಬರೆದ ಪತ್ರವೊಂದರಲ್ಲಿ ಫರ್ಮಾನ ಈ ಹೇಳಿಕೆಯನ್ನು ಲಿಯೊನಾರ್ಡ್ ಆಯ್ಲರನ ಗಮನಕ್ಕೆ ತಂದ. ಆಗ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿದ್ದ ತರುಣ ಆಯ್ಲರ್ ಮೊದಲಿಗೆ ಅಷ್ಟೇನೂ ಆಸಕ್ತಿ ತೋರಲಿಲ್ಲ, ಆದರೆ 1732ರಲ್ಲಿ ಐದನೆಯ ಫರ್ಮಾ ಸಂಖ್ಯೆಯು 641 × 6700417 ಎಂದು ತೋರಿಸಿ ನಂಬಿಕೆಯನ್ನು ಮುರಿದ.

641 ಸಿಕ್ಕಿದ್ದು ಅದೃಷ್ಟದಿಂದಲ್ಲ. ಐದನೆಯ ಫರ್ಮಾ ಸಂಖ್ಯೆಯನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವೇ ಆಗಲಿ, ಅದನ್ನು 64ರಿಂದ ಭಾಗಿಸಿದಾಗ ಒಂದು ಶೇಷ ಉಳಿಯಲೇಬೇಕೆಂದು ತೋರಿಸಬಹುದು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಇವುಗಳಲ್ಲಿ 257 ತಾನೇ ಫರ್ಮಾ ಸಂಖ್ಯೆಯಾದ್ದರಿಂದ ಅದನ್ನು ಬಿಟ್ಟರೆ, ನಾಲ್ಕನೆಯ ಭಾಗಾಕಾರಕ್ಕೇ ಉತ್ತರ ದೊರೆಯುತ್ತದೆ. ಈ ಬಗೆಯ ಸೋಸುವಿಕೆಗೆ ಬೇಕಾದ ಪ್ರಮೇಯವು ಫರ್ಮಾನದೇ. ಅದನ್ನು ಬಳಸಿಯೇ ಅವನು ಅದೇ 1640ರಲ್ಲಿ 2ರ 37ನೆಯ ಘಾತಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು 223 ಭಾಗಿಸುತ್ತದೆಂದು ಕಂಡುಹಿಡಿದಿದ್ದ. ಅಷ್ಟು ಚೆನ್ನಾಗಿ ಪಳಗಿದ ಆಯುಧವನ್ನು ಕೈಯಲ್ಲಿಟ್ಟುಕೊಂಡೂ ನಾಲ್ಕು ಭಾಗಾಕಾರಗಳನ್ನು ಅವನು ಏಕೆ ಮಾಡಲಿಲ್ಲ, ಅಥವಾ ಮಾಡಿ ಎಲ್ಲಿ ತಪ್ಪಿದ ಎಂಬುದು ಗಣಿತದ ಚರಿತ್ರೆಯಲ್ಲಿ ಬಗೆಹರಿಯದೆ ಉಳಿದಿರುವ ಸಣ್ಣ ಕುತೂಹಲಗಳಲ್ಲೊಂದು.

641 ನಿಜವಾಗಿಯೂ ಭಾಗಿಸುತ್ತದೆಂಬುದನ್ನು ಉದ್ದನೆಯ ಭಾಗಾಕಾರವಿಲ್ಲದೆ ಮನಗಾಣುವ ದಾರಿಯೊಂದನ್ನು ಮುಂದಿನ ಗಣಿತಜ್ಞರು ಕಂಡುಕೊಂಡರು. 641 ಎಂದರೆ 5 × 128 + 1. ಅದೇ 641 ಎಂದರೆ 625 + 16 ಕೂಡ, ಎಂದರೆ 5ರ ನಾಲ್ಕನೆಯ ಘಾತ ಮತ್ತು 2ರ ನಾಲ್ಕನೆಯ ಘಾತಗಳ ಮೊತ್ತ. ಮೊದಲನೆಯದರಿಂದ, 641ರ ಗುಣಕಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 5 × 128 ಎಂಬುದು −1ಕ್ಕೆ ಸಮ. ಅದರ ನಾಲ್ಕನೆಯ ಘಾತ, ಎಂದರೆ 625 × 2ರ 28ನೆಯ ಘಾತ, +1ಕ್ಕೆ ಸಮ. ಎರಡನೆಯದರಿಂದ, 625 ಎಂಬುದು −16ಕ್ಕೆ ಸಮ. ಅದನ್ನು ಇಲ್ಲಿ ಇಟ್ಟರೆ −16 × 2ರ 28ನೆಯ ಘಾತ, ಎಂದರೆ 2ರ 32ನೆಯ ಘಾತದ ಋಣರೂಪ, 1ಕ್ಕೆ ಸಮವಾಗುತ್ತದೆ; ಆದ್ದರಿಂದ 2ರ 32ನೆಯ ಘಾತಕ್ಕೆ ಒಂದನ್ನು ಕೂಡಿಸಿದರೆ 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ದೊಡ್ಡ ಸಂಖ್ಯೆಯೊಂದನ್ನು ಮುಟ್ಟದೆಯೇ ಅದರ ಅಪವರ್ತನವನ್ನು ಖಚಿತಪಡಿಸುವ ಇಷ್ಟು ಚೊಕ್ಕ ತರ್ಕ ಅಂಕಗಣಿತದಲ್ಲಿ ವಿರಳ.

ಫರ್ಮಾನ ಊಹೆ ಬಿದ್ದುಹೋದ ಮೇಲೆ ಅವನ ಅವಿಭಾಜ್ಯಗಳು ಒಂದು ವಿನೋದವಾಗಿಯೇ ಉಳಿದುಬಿಡುತ್ತಿದ್ದವೇನೊ. ಅವುಗಳಿಗೆ ರೇಖಾಗಣಿತದಲ್ಲಿ ಸ್ಥಾನ ದೊರಕಿಸಿಕೊಟ್ಟವನು ಕಾರ್ಲ್ ಫ್ರೆಡ್ರಿಕ್ ಗಾಸ್. ಅಳತೆಗುರುತುಗಳಿಲ್ಲದ ನೇರಪಟ್ಟಿ ಮತ್ತು ಕೈವಾರ ಇವೆರಡನ್ನೇ ಬಳಸಿ ಎಲ್ಲ ಭುಜಗಳೂ ಎಲ್ಲ ಕೋನಗಳೂ ಸಮನಾಗಿರುವ ನಿಯಮಿತ ಬಹುಭುಜಗಳನ್ನು ರಚಿಸುವುದು ಗ್ರೀಕರ ಕಾಲದ ಸಮಸ್ಯೆ. ತ್ರಿಭುಜ, ಪಂಚಭುಜ, ಅವೆರಡನ್ನು ಬೆಸೆದು ಹದಿನೈದು ಭುಜಗಳ ಆಕೃತಿ, ಮತ್ತು ಯಾವುದೇ ಆಕೃತಿಯ ಕೋನಗಳನ್ನು ಅರ್ಧಿಸಿ ಭುಜಗಳನ್ನು ಇಮ್ಮಡಿಗೊಳಿಸುವ ಕ್ರಮ ಯೂಕ್ಲಿಡನ ಗ್ರಂಥದಲ್ಲಿಯೇ ಇದ್ದವು. ಆಮೇಲಿನ ಎರಡು ಸಾವಿರ ವರ್ಷಗಳಲ್ಲಿ ಆ ಪಟ್ಟಿಗೆ ಹೊಸದೊಂದೂ ಸೇರಲಿಲ್ಲ. 1796ರ ಮಾರ್ಚ್ 30ರಂದು, ಹತ್ತೊಂಬತ್ತು ತುಂಬಲು ಒಂದು ತಿಂಗಳು ಬಾಕಿಯಿದ್ದಾಗ, ಹದಿನೇಳು ಭುಜಗಳ ಆಕೃತಿಯನ್ನು ರಚಿಸಬಹುದೆಂದು ಗಾಸ್ ಕಂಡುಕೊಂಡ. ಅವನ ಗಣಿತದ ದಿನಚರಿಯ ಮೊದಲ ನಮೂದು ಇದೇ. 1801ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದ ಕೊನೆಯ ಅಧ್ಯಾಯದಲ್ಲಿ ಪೂರ್ಣ ನಿಯಮವಿದೆ: ಭುಜಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು, ಯಾವುದೂ ಎರಡು ಸಲ ಬರಕೂಡದು. ಉಳಿದ ಬಹುಭುಜಗಳು ಅಸಾಧ್ಯವೆಂಬ ಭಾಗದ ಸಾಧನೆಯನ್ನು 1837ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಪಿಯರ್ ವಾಂಟ್ಸೆಲ್.

ಕಾರಣವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ನೇರಪಟ್ಟಿ-ಕೈವಾರಗಳಿಂದ ಉದ್ದಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದು, ವರ್ಗಮೂಲವನ್ನೂ ತೆಗೆಯಬಹುದು, ಘನಮೂಲಕ್ಕೆ ಮಾತ್ರ ಅವು ಎಟುಕುವುದಿಲ್ಲ. ಹದಿನೇಳು ಭುಜಗಳ ಆಕೃತಿಯಲ್ಲಿ ಆರಂಭಬಿಂದುವನ್ನು ಬಿಟ್ಟು ಉಳಿಯುವ ಹದಿನಾರು ಶೃಂಗಗಳನ್ನು ಗಾಸ್ ಎಂಟರ ಎರಡು ಗುಂಪುಗಳಾಗಿ, ಆಮೇಲೆ ನಾಲ್ಕರ, ಎರಡರ, ಒಂದರ ಗುಂಪುಗಳಾಗಿ ಒಡೆಯುತ್ತ ಹೋದ, ಒಂದೊಂದು ಒಡೆತಕ್ಕೂ ಒಂದೊಂದು ವರ್ಗಸಮೀಕರಣ ಸಾಕಾಯಿತು. ಹದಿನಾರು 2ರ ಘಾತವಾಗಿರದಿದ್ದರೆ ಈ ಅರ್ಧಿಸುವಿಕೆ ನಡುವೆಯೇ ನಿಂತುಹೋಗುತ್ತಿತ್ತು. ಏಳು ಭುಜಗಳ ಆಕೃತಿಯಲ್ಲಿ ಆಗುವುದು ಅದೇ, ಏಕೆಂದರೆ ಅಲ್ಲಿ ಉಳಿಯುವ ಆರರಲ್ಲಿ ಮೂರೆಂಬ ಅಪವರ್ತನವಿದೆ. ಇನ್ನು ಎರಡು ಆಕೃತಿಗಳನ್ನು ಬೆಸೆಯುವುದು ಸುಲಭ: ವೃತ್ತದ ಐದರಲ್ಲಿ ಎರಡು ಭಾಗದಿಂದ ಮೂರರಲ್ಲಿ ಒಂದು ಭಾಗವನ್ನು ಕಳೆದರೆ ಹದಿನೈದರಲ್ಲಿ ಒಂದು ಭಾಗ ತಾನಾಗಿ ಬರುತ್ತದೆ.

ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ ಆದುದರಿಂದ, ಒಂದೊಂದನ್ನೂ ಸೇರಿಸುವುದು ಅಥವಾ ಬಿಡುವುದು ಎಂಬ ಲೆಕ್ಕದಲ್ಲಿ ಮೂವತ್ತೆರಡು ಗುಣಲಬ್ಧಗಳಾಗುತ್ತವೆ. ಎಲ್ಲವನ್ನೂ ಬಿಟ್ಟಾಗ ಬರುವ 1ನ್ನು ತೆಗೆದರೆ, ರಚಿಸಬಲ್ಲವೆಂದು ಗೊತ್ತಿರುವ ಬೆಸಭುಜ ಆಕೃತಿಗಳು ಮೂವತ್ತೊಂದು ಉಳಿಯುತ್ತವೆ, ಅವುಗಳಲ್ಲಿ ಅತಿ ದೊಡ್ಡದರ ಭುಜಗಳ ಸಂಖ್ಯೆ 4294967295. ಭೂಮಧ್ಯರೇಖೆಯ ಅಳತೆಯ ವೃತ್ತದೊಳಗೆ ಈ ಆಕೃತಿಯನ್ನು ರಚಿಸಿದರೆ ಒಂದೊಂದು ಭುಜದ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ, ಸುಮಾರು 9.3 ಮಿಲಿಮೀಟರ್ ಇರುತ್ತದೆ. ಭುಜದ ನಡುಬಿಂದುವಿಗೂ ವೃತ್ತದ ಕಂಸಕ್ಕೂ ಇರುವ ಅಂತರವು ಒಂದು ಪರಮಾಣುವಿನ ಅಗಲದ ಐವತ್ತನೇ ಒಂದು ಭಾಗಕ್ಕಿಂತಲೂ ಕಿರಿದು. ಕಾಗದದ ಮೇಲೆ ಇಂಥದ್ದನ್ನು ಬರೆಯುವ ಮಾತೇ ಇಲ್ಲ, ಆದರೂ ಅದರ ಬಿಡಿಭಾಗಗಳ ರಚನಾಕ್ರಮಗಳನ್ನು ಲೆಕ್ಕ ಹಾಕಿದವರಿದ್ದಾರೆ. 257 ಭುಜಗಳದನ್ನು ಫ್ರೆಡ್ರಿಕ್ ರಿಶೆಲೊ 1832ರಲ್ಲಿ ವಿವರಿಸಿದ. 65537 ಭುಜಗಳದಕ್ಕಾಗಿ ಯೊಹಾನ್ ಗುಸ್ಟಾಫ್ ಹರ್ಮೆಸ್ ಎಂಬ ಜರ್ಮನ್ ಅಧ್ಯಾಪಕ ಹತ್ತು ವರ್ಷಗಳನ್ನು ಮುಡಿಪಿಟ್ಟು, 1894ರಲ್ಲಿ ಅದರ ಸಂಕ್ಷಿಪ್ತ ವರದಿಯನ್ನು ಪ್ರಕಟಿಸಿದ. ಇನ್ನೂರಕ್ಕೂ ಹೆಚ್ಚು ಪುಟಗಳ ಅವನ ಹಸ್ತಪ್ರತಿ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿದೆ. ಯಾರೂ ಎಂದೂ ಬರೆಯಲಾರದ ಚಿತ್ರಕ್ಕೆ ಒಂದು ದಶಕವನ್ನು ಕೊಟ್ಟ ಆ ಶ್ರದ್ಧೆಯನ್ನು ಮೆಚ್ಚಬೇಕೊ ಮರುಗಬೇಕೊ ಎಂಬುದು ಓದುಗರ ಸ್ವಭಾವಕ್ಕೆ ಬಿಟ್ಟದ್ದು.

ಈ ಮೂವತ್ತೆರಡು ಗುಣಲಬ್ಧಗಳು, ಎಂದರೆ 4294967295ರ ಎಲ್ಲ ಭಾಜಕಗಳು, ಛಂದಶ್ಶಾಸ್ತ್ರದ ಇನ್ನೊಂದು ಪರಿಕರದಲ್ಲಿ ಸಾಲಾಗಿ ಕುಳಿತಿವೆ. ಇಂತಿಷ್ಟು ಅಕ್ಷರಗಳಲ್ಲಿ ಇಂತಿಷ್ಟೇ ಗುರುಗಳಿರುವ ವಿನ್ಯಾಸಗಳನ್ನು ಎಣಿಸಲು ಬಳಸುವ ಮೇರುಪ್ರಸ್ತಾರವನ್ನು, ಪಿಂಗಳನಿಗೆ ಬರೆದ ಮೃತಸಂಜೀವನಿ ಎಂಬ ವ್ಯಾಖ್ಯೆಯಲ್ಲಿ ಹತ್ತನೆಯ ಶತಮಾನದ ಹಲಾಯುಧ ವಿವರಿಸಿದ್ದಾನೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು, ಅನಂತರ ಮಾಳವದ ಪರಮಾರ ಮುಂಜನ ಬಳಿಗೆ ಹೋದವನು ಈತನೆಂದು ಹೇಳಲಾಗುತ್ತದೆ. ತುದಿಯಲ್ಲಿ ಒಂದು, ಅದರ ಕೆಳಗಿನ ಸಾಲಿನಲ್ಲಿ ಎರಡು ಒಂದುಗಳು, ಆಮೇಲೆ ಅಂಚಿನಲ್ಲಿ ಒಂದನ್ನಿಟ್ಟು ಒಳಗಿನ ಪ್ರತಿ ಮನೆಯಲ್ಲಿ ಮೇಲಿನ ಎರಡು ಮನೆಗಳ ಮೊತ್ತವನ್ನು ಬರೆಯುತ್ತ ಹೋದರೆ ಮೇರು ಬೆಳೆಯುತ್ತದೆ. ಯೂರೋಪಿನಲ್ಲಿ ಇದಕ್ಕೆ ಪಾಸ್ಕಲನ ಹೆಸರು ಅಂಟಿಕೊಂಡದ್ದು ಏಳು ಶತಮಾನಗಳ ತರುವಾಯ. ಈಗ ಪ್ರತಿ ಸಾಲಿನಲ್ಲಿ ಬೆಸಸಂಖ್ಯೆಯ ಕಡೆ 1ನ್ನೂ ಸಮಸಂಖ್ಯೆಯ ಕಡೆ 0ಯನ್ನೂ ಬರೆದು, ಸಾಲನ್ನು ದ್ವಿಮಾನ ಪದ್ಧತಿಯ, ಎಂದರೆ ಬಲದಿಂದ ಎಡಕ್ಕೆ 1, 2, 4, 8 ಎಂದು ಸ್ಥಾನಬೆಲೆ ಇಮ್ಮಡಿಸುತ್ತ ಹೋಗುವ ಪದ್ಧತಿಯ ಸಂಖ್ಯೆಯಾಗಿ ಓದಬೇಕು. 1, 4, 6, 4, 1 ಎಂಬ ಸಾಲು 10001 ಆಗಿ ಅದರ ಬೆಲೆ 17 ಆಗುತ್ತದೆ; ಅದರ ಕೆಳಗಿನ 1, 5, 10, 10, 5, 1 ಎಂಬ ಸಾಲು 110011 ಆಗಿ 51 ಆಗುತ್ತದೆ. ತುದಿಯಿಂದ ಓದುತ್ತ ಬಂದರೆ 1, 3, 5, 15, 17, 51, 85, 255, 257 ಹೀಗೆ ಮೊದಲ ಮೂವತ್ತೆರಡು ಸಾಲುಗಳಲ್ಲಿ ಆ ಮೂವತ್ತೆರಡು ಭಾಜಕಗಳು ಏರುವ ಕ್ರಮದಲ್ಲಿ ಒಂದೂ ತಪ್ಪದೆ ಬರುತ್ತವೆ.

ತುದಿಯ ಒಂಟಿ ಒಂದನ್ನು ಸೊನ್ನೆಯನೆಯ ಸಾಲೆಂದು ಎಣಿಸಿದರೆ ಇದರ ಒಳಗುಟ್ಟು ತಿಳಿಯುತ್ತದೆ. ಸಾಲಿನ ಕ್ರಮಾಂಕವನ್ನು 1, 2, 4, 8, 16ರ ಮೊತ್ತವಾಗಿ ಬರೆದು, 1ಕ್ಕೆ ಬದಲಾಗಿ 3ನ್ನೂ, 2ಕ್ಕೆ 5ನ್ನೂ, 4ಕ್ಕೆ 17ನ್ನೂ, 8ಕ್ಕೆ 257ನ್ನೂ, 16ಕ್ಕೆ 65537ನ್ನೂ ಇಟ್ಟು ಗುಣಿಸಿದರೆ ಆ ಸಾಲಿನ ಬೆಲೆ ದೊರೆಯುತ್ತದೆ. 21ನೆಯ ಸಾಲೆಂದರೆ 16 + 4 + 1; ಅದರ ಬೆಲೆ 65537 × 17 × 3, ಎಂದರೆ 3342387. 31ರಲ್ಲಿ ಐದೂ ಘಾತಗಳಿರುವುದರಿಂದ ಆ ಸಾಲಿನ ಮೂವತ್ತೆರಡು ಮನೆಗಳಲ್ಲಿರುವ ಸಂಖ್ಯೆಗಳೆಲ್ಲವೂ ಬೆಸವಾಗಿ, ಮೂವತ್ತೆರಡು ಒಂದುಗಳು ಒತ್ತಾಗಿ ಬಂದು 4294967295 ಆಗುತ್ತದೆ. ಮುಂದಿನ ಸಾಲಿನಲ್ಲಿ ಎರಡು ಅಂಚಿನ ಒಂದುಗಳನ್ನು ಬಿಟ್ಟು ಮಿಕ್ಕದ್ದೆಲ್ಲ ಸಮಸಂಖ್ಯೆ. ಅದರ ಬೆಲೆ ಆಯ್ಲರ್ ಒಡೆದ 4294967297. ಮೇರು ಆಮೇಲೂ ಬೆಳೆಯುತ್ತಲೇ ಇರುತ್ತದೆ, ಬಹುಭುಜಗಳು ಮಾತ್ರ ಅಲ್ಲಿಗೆ ಅದರ ಜೊತೆ ಬಿಡುತ್ತವೆ.

ಮೇರುವಿನ ಸಾಲುಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ ಈ ಭಾಜಕಗಳೂ ದ್ವಿಮಾನ ರೂಪದಲ್ಲಿ ಹಾಗೆಯೇ ಇರುತ್ತವೆ. ಈ ಬಗೆಯ ಸಂಖ್ಯೆಗಳಲ್ಲಿ ಕನ್ನಡನಾಡಿನ ಗಣಿತಜ್ಞನೊಬ್ಬನಿಗೆ ವಿಶೇಷ ಒಲವಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು 139 × 109 = 15151, 152207 × 73 = 11111111 ಎಂಬಂಥ ಗುಣಾಕಾರಗಳನ್ನು ಕೊಟ್ಟು, ಹೀಗೆ ಸಮನಾಗಿ ಪೋಣಿಸಿದಂತಿರುವ ಫಲಗಳನ್ನು ಅರಸರ ಕೊರಳಿಗೆ ತಕ್ಕ ಹಾರಗಳಿಗೆ ಹೋಲಿಸುತ್ತಾನೆ. ಅವನು ಹತ್ತರ ಸ್ಥಾನಬೆಲೆಯಲ್ಲಿ ಪೋಣಿಸಿದ್ದನ್ನು ಎರಡರ ಸ್ಥಾನಬೆಲೆಯಲ್ಲಿ ಪೋಣಿಸಿದರೆ ಸಿಗುವ ಮೂವತ್ತೆರಡು ಮಣಿಗಳ ಹಾರವೇ 3 × 5 × 17 × 257 × 65537.

ಇನ್ನೊಂದು ಗುಣವನ್ನೂ ಗಮನಿಸಬೇಕು. ಯಾವುದೇ ಸಂಖ್ಯೆಯವರೆಗಿನ ಪೂರ್ಣಾಂಕಗಳಲ್ಲಿ, ಅದರೊಡನೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದವು ಎಷ್ಟೆಂದು ಎಣಿಸುವ ಕ್ರಮ ಆಯ್ಲರನದು. 4294967295ರ ವಿಷಯದಲ್ಲಿ ಆ ಎಣಿಕೆ 2 × 4 × 16 × 256 × 65536, ಎಂದರೆ 2147483648. ಇದು 2ರ 31ನೆಯ ಘಾತ. ಗಾಸ್‌ನ ನಿಯಮವನ್ನು ಇದರ ಮೂಲಕವೇ ಹೇಳಬಹುದು: ಆಯ್ಲರ್ ಎಣಿಕೆ 2ರ ಘಾತವಾಗುವ ಬಹುಭುಜಗಳು ಮಾತ್ರ ರಚನೆಗೆ ಸಿಗುತ್ತವೆ. ಈ ಎಣಿಕೆಯ ಇಮ್ಮಡಿಯು ಮೂಲಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚು ಎಂಬುದೂ ಅಪರೂಪದ ಸಂಗತಿ. 1932ರಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ಇಂಥ ಸಂಖ್ಯೆಗಳನ್ನು ಪರಿಶೀಲಿಸಿದಾಗ 3, 15, 255, 65535, 4294967295 ಎಂಬ ನಿರೀಕ್ಷಿತ ಸಾಲಿನ ನಡುವೆ 83623935 ಎಂಬ ಹೊರಗಿನವನೊಬ್ಬ ನುಸುಳಿರುವುದು ಕಂಡುಬಂತು. ಅದರ ಅಪವರ್ತನಗಳು 3, 5, 17, 353, 929. ಕೊನೆಯ ಎರಡು ಫರ್ಮಾ ಅವಿಭಾಜ್ಯಗಳಲ್ಲದಿದ್ದರೂ ಲೆಕ್ಕ ಸರಿಹೊಂದಿಬಿಡುತ್ತದೆ.

ಕಂಪ್ಯೂಟರ್ ಬಳಸುವವರಿಗೆ ಈ ಸಂಖ್ಯೆ ಬೇರೆ ದಾರಿಯಿಂದ ಪರಿಚಿತ. ಯಂತ್ರವು ಒಮ್ಮೆಗೆ ಹಿಡಿಯುವ ಮೂವತ್ತೆರಡು ಬಿಟ್‌ಗಳೆಲ್ಲವೂ ಒಂದಾಗಿರುವಾಗ ಅದರ ಬೆಲೆ ಇದೇ, ಇದಕ್ಕೆ ಇನ್ನೊಂದು ಕೂಡಿದರೆ ಎಣಿಕೆ ಸೊನ್ನೆಗೆ ಮರಳುತ್ತದೆ. ಹಳೆಯ ಪೆನ್‌ಡ್ರೈವ್‌ಗಳ ಫ್ಯಾಟ್32 ವ್ಯವಸ್ಥೆಯಲ್ಲಿ ಕಡತವೊಂದು 4294967295 ಬೈಟ್‌ಗಳನ್ನು ಮೀರುವಂತಿಲ್ಲ. ಜಾಗ ಸಾಕಷ್ಟಿದ್ದರೂ ದೊಡ್ಡ ಸಿನಿಮಾ ಕಡತ ಅದರೊಳಗೆ ಹೋಗದಿರಲು ಕಾರಣ ಇದು. 1981ರಲ್ಲಿ ನಿಗದಿಯಾದ ಅಂತರ್ಜಾಲದ ನಾಲ್ಕನೆಯ ಆವೃತ್ತಿಯ ವಿಳಾಸಗಳಲ್ಲಿ ಕೊನೆಯದಾದ 255.255.255.255 ಇದರದೇ ಇನ್ನೊಂದು ಬರವಣಿಗೆ. ಆ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿದುಹೋಯಿತು. ಮಿಲಿಸೆಕೆಂಡುಗಳನ್ನು ಮೂವತ್ತೆರಡು ಬಿಟ್‌ಗಳಲ್ಲಿ ಎಣಿಸುವ ಗಡಿಯಾರ ಸುಮಾರು 49.7 ದಿನಗಳಲ್ಲಿ ಸೊನ್ನೆಗೆ ಮರಳುವುದರಿಂದ ವಿಂಡೋಸ್ 95 ಅಷ್ಟು ದಿನ ನಿಲ್ಲಿಸದೆ ನಡೆಸಿದರೆ ಸ್ತಬ್ಧವಾಗುತ್ತಿತ್ತು. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದ, ಋಣಸಂಖ್ಯೆಗಳಿಗೆ ಎಡೆಯಿಡದ ಗಡಿಯಾರಗಳು 4294967295ನ್ನು ತಲುಪುವುದು 2106ರ ಫೆಬ್ರವರಿ 7ರಂದು, ಭಾರತದಲ್ಲಿ ಬೆಳಗಿನ 11 ಗಂಟೆ 58 ನಿಮಿಷ 15 ಸೆಕೆಂಡಿಗೆ. ಬಹುಭುಜಗಳಿಗೂ ಯಂತ್ರದ ಬಿಟ್‌ಗಳಿಗೂ ನೇರವಾದ ನಂಟಿಲ್ಲ. ಪಿಂಗಳನ ವಿಧಾನದ ನಂಟು ಮಾತ್ರ ಗಟ್ಟಿಯಾಗಿದೆ: ಬ್ಯಾಂಕುಗಳ ಜಾಲತಾಣಗಳೂ ಬಳಸುವ ಆರ್‌ಎಸ್‌ಎ ಗೂಢಲಿಪಿಯಲ್ಲಿ ಸಂಖ್ಯೆಯನ್ನು ಏರಿಸುವ ಬಹಿರಂಗ ಘಾತವಾಗಿ 65537ನ್ನೇ ಬಹುಮಟ್ಟಿಗೆ ಆರಿಸಿಕೊಳ್ಳುವುದು, ಹದಿನಾರು ಸಲ ವರ್ಗ ಮಾಡಿ ಒಮ್ಮೆ ಗುಣಿಸಿದರೆ ಕೆಲಸ ಮುಗಿಯುತ್ತದೆಂಬ ಕಾರಣಕ್ಕೆ.

4294967295 ಎಂಬ ಗಡಿ ಶಾಶ್ವತವೋ ಅಲ್ಲವೋ ಎಂಬುದು ಇನ್ನೊಂದು ಫರ್ಮಾ ಅವಿಭಾಜ್ಯ ಇದೆಯೇ ಎಂಬ ಪ್ರಶ್ನೆಯ ಮೇಲೆ ನಿಂತಿದೆ. ಆರನೆಯ ಫರ್ಮಾ ಸಂಖ್ಯೆಯ ಅಪವರ್ತನಗಳನ್ನು 1880ರಲ್ಲಿ ಎಂಬತ್ತು ದಾಟಿದ ವಯಸ್ಸಿನ ಫೋರ್ಚುನೆ ಲಾಂಡ್ರಿ ಪ್ರಕಟಿಸಿದ. ಕಂಪ್ಯೂಟರುಗಳು ಬಂದ ಮೇಲೆ ಏಳನೆಯದು, ಎಂಟನೆಯದು ಎಂದು ಒಂದೊಂದಾಗಿ ಒಡೆಯುತ್ತ ಹೋದವು. ಐದರಿಂದ ಮೂವತ್ತೆರಡರವರೆಗಿನ ಎಲ್ಲ ಫರ್ಮಾ ಸಂಖ್ಯೆಗಳೂ ಅವಿಭಾಜ್ಯಗಳಲ್ಲವೆಂದು ಈಗ ಖಚಿತವಾಗಿದೆ. ಅವುಗಳಲ್ಲಿ ಇಪ್ಪತ್ತನೆಯದು ಮತ್ತು ಇಪ್ಪತ್ತನಾಲ್ಕನೆಯದರ ಸ್ಥಿತಿ ವಿಚಿತ್ರ: 1877ರಲ್ಲಿ ಪೆಪ್ಯಾಂ ರೂಪಿಸಿದ ಪರೀಕ್ಷೆಯಿಂದ ಅವು ಒಡೆಯುತ್ತವೆಂದು ಸಾಬೀತಾಗಿದ್ದರೂ ಅವುಗಳ ಒಂದೇ ಒಂದು ಅಪವರ್ತನವೂ ತಿಳಿದಿಲ್ಲ. ಸಂಖ್ಯೆ ದೊಡ್ಡದಾದಷ್ಟೂ ಅವಿಭಾಜ್ಯಗಳು ವಿರಳವಾಗುತ್ತವೆ. ಫರ್ಮಾ ಸಂಖ್ಯೆಗಳು ಬೆಳೆಯುವ ವೇಗದಲ್ಲಿ ಆ ಸಂಭವನೀಯತೆ ಒಂದೊಂದು ಹೆಜ್ಜೆಗೂ ಸುಮಾರು ಅರ್ಧಕ್ಕಿಳಿಯುವುದರಿಂದ, ಮುಂದೆಲ್ಲ ಕೂಡಿಸಿದರೂ ಅದು ತೀರ ಕ್ಷುಲ್ಲಕವಾಗಿಯೇ ಉಳಿಯುತ್ತದೆ. ಹೀಗಾಗಿ ಆರನೆಯ ಫರ್ಮಾ ಅವಿಭಾಜ್ಯವಿಲ್ಲವೆಂದೇ ಹೆಚ್ಚಿನವರ ಅಭಿಪ್ರಾಯ. ಆದರೆ ಇದು ಅಂದಾಜು, ಸಾಧನೆಯಲ್ಲ. ಐದು ಉದಾಹರಣೆಗಳನ್ನು ನಂಬಿ ಫರ್ಮಾ ಒಂದು ದಿಕ್ಕಿನಲ್ಲಿ ಎಡವಿದ್ದನ್ನು ಕಂಡವರು ಇಪ್ಪತ್ತೆಂಟು ಉದಾಹರಣೆಗಳನ್ನು ನಂಬಿ ಎದುರು ದಿಕ್ಕಿನಲ್ಲಿ ತೀರ್ಪು ಕೊಡಲು ಹಿಂಜರಿಯುವುದು ಸಹಜ. ಮೂವತ್ತಮೂರನೆಯ ಫರ್ಮಾ ಸಂಖ್ಯೆಯಲ್ಲಿ ಸುಮಾರು 258 ಕೋಟಿ ಅಂಕೆಗಳಿದ್ದು, ಪೆಪ್ಯಾಂ ಪರೀಕ್ಷೆಯನ್ನು ಅದರ ಮೇಲೆ ನಡೆಸುವುದು ಇಂದಿನ ಯಂತ್ರಗಳಿಗೂ ಭಾರವಾದ ಕೆಲಸ. ಅದನ್ನು ಭಾಗಿಸುವ ಅವಿಭಾಜ್ಯವೊಂದಿದ್ದರೆ ಅದರಿಂದ ಒಂದನ್ನು ಕಳೆದಾಗ 2ರ 35ನೆಯ ಘಾತವಾದ 34359738368ರ ಗುಣಕ ಉಳಿಯಬೇಕೆಂಬ ಸುಳಿವನ್ನು, ಆಯ್ಲರನ ನಿಯಮವನ್ನು ಬಿಗಿಗೊಳಿಸಿದ ಎಡ್ವರ್ಡ್ ಲೂಕಾ 1878ರಲ್ಲಿಯೇ ಕೊಟ್ಟಿದ್ದಾನೆ. ಹುಡುಕಾಟ ಆ ಸುಳಿವನ್ನು ಹಿಡಿದು ನಡೆದಿದೆ, ಅಂಥ ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ.